ಗ್ರಾಫಕ್ಕ ಮತ್ತು ತಲೆಕೆಳಗಾಗುವ ಚಾರ್ಟು

ವಸತಿ ಮಂಡಳಿಯ ದುರಸ್ತಿ ವಿಭಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹಾಗೆ ಕರೆಯುತ್ತಿದ್ದವರೆಲ್ಲ ನಿವೃತ್ತರಾಗಿ, ಶಾಲು ಹೊದೆಸಿಕೊಂಡು, ಫೋಟೋ ತೆಗೆಸಿಕೊಂಡು ಹೋಗಿದ್ದರು. ಉಳಿದವರ ಪಾಲಿಗೆ ಅವಳು ಗ್ರಾಫಕ್ಕ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಚೌಕಳಿ ಹಾಳೆಯ ಮೇಲೆ ಸ್ಕೇಲು, ಬಣ್ಣದ ಪೆನ್ಸಿಲು ಇಟ್ಟುಕೊಂಡು ಪಟ್ಟೆ ಎಳೆಯುತ್ತಿದ್ದಳು. ಆಗ ಅಂಟಿಕೊಂಡ ಹೆಸರು, ಕೂದಲು ನೆರೆತರೂ ಬಿಡಲಿಲ್ಲ. ಅವಳೂ ಅದನ್ನು ಬಿಡಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಬಿಡಿಸಿಕೊಳ್ಳಬೇಕಾದ ಸಂಗತಿಗಳು ಬೇರೆ ಬೇಕಾದಷ್ಟಿದ್ದವು.

ಕೈಯಲ್ಲಿ ಎಳೆಯುತ್ತಿದ್ದ ಕಾಲದಲ್ಲಿ ಒಂದು ಸುಖವಿತ್ತು. ಮೊದಲು ಬರೆದದ್ದು ಮೇಲೆ ಬರುತ್ತಿತ್ತು, ಕೊನೆಗೆ ಬರೆದದ್ದು ಕೆಳಗೆ. ಮನುಷ್ಯರು ಓದುವುದೇ ಹಾಗಲ್ಲವೇ. ಕಂಪ್ಯೂಟರು ಬಂದಿತು ನೋಡಿ, ಅಲ್ಲಿಂದ ಶುರುವಾಯಿತು ಪೀಕಲಾಟ. ಕೋಷ್ಟಕದಲ್ಲಿ ಎಲ್ಲಕ್ಕಿಂತ ಮೇಲೆ ಬರೆದ ಹೆಸರನ್ನು ಅದು ಅಡ್ಡಪಟ್ಟೆಯ ಚಾರ್ಟಿನಲ್ಲಿ ಎಲ್ಲಕ್ಕಿಂತ ಕೆಳಗೆ ತಂದು ಕೂರಿಸುತ್ತದೆ. ಏಕೆ ಎಂದು ಕೇಳಿದರೆ ಅದಕ್ಕೆ ಅದರದೇ ಲೆಕ್ಕಾಚಾರ: ಸೊನ್ನೆ ಕೆಳಗಿನ ಮೂಲೆಯಲ್ಲಿರುತ್ತದೆ, ಅಲ್ಲಿಂದಲೇ ಎಣಿಸುತ್ತಾ ಮೇಲೆ ಹೋಗಬೇಕು. ಸರಿ, ಅದರ ಪಾಡಿಗೆ ಅದು. ಆದರೆ ಚಾರ್ಟು ನೋಡುವವರು ಸೊನ್ನೆಯನ್ನು ಹುಡುಕಿಕೊಂಡು ಬರುವುದಿಲ್ಲ. ತಮ್ಮ ಬ್ಲಾಕಿನ ಹೆಸರು ಹುಡುಕಿಕೊಂಡು ಬರುತ್ತಾರೆ.

ಹಾಗಾಗಿ ಪ್ರತಿ ಸಲವೂ ಗ್ರಾಫಕ್ಕ ಎಡಗಡೆಯ ಅಕ್ಷದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪಕ್ಕದಲ್ಲಿ ತೆರೆದುಕೊಳ್ಳುವ ಉದ್ದ ಪಟ್ಟಿಯಲ್ಲಿ ಇಳಿಯುತ್ತಾ ಹೋಗಿ, ಕ್ರಮವನ್ನು ತಿರುಗಿಸು ಎನ್ನುವ ಪುಟ್ಟ ಚೌಕದಲ್ಲಿ ಗುರುತು ಹಾಕಬೇಕು. ಹೆಸರುಗಳು ಸರಿಯಾಗುತ್ತವೆ. ಆದರೆ ಕೆಳಗಿದ್ದ ಅಂಕಿಗಳು ಮುನಿಸಿಕೊಂಡ ಅತ್ತೆಯ ಹಾಗೆ ಎದ್ದು ಮೇಲೆ ಹೋಗಿ ಕೂರುತ್ತವೆ. ಅವನ್ನು ರಮಿಸಿ ಕೆಳಗಿಳಿಸಲು ಇನ್ನೊಂದು ಗುರುತು. ವರ್ಷಗಟ್ಟಲೆ ಇದೇ. ಯಾರಾದರೂ "ಅಕ್ಕಾ, ಒಂದು ಸಲ ಮಾಡಿಟ್ಟುಕೊಂಡರೆ ಆಗಲ್ವಾ?" ಎಂದರೆ ಅವಳು ನಗುತ್ತಿದ್ದಳು. ಮಾಡಿಟ್ಟುಕೊಂಡಿದ್ದಳು. ಕಂಪ್ಯೂಟರು ಬದಲಾದಾಗಲೆಲ್ಲ ಅದೂ ಕೈಕೊಡುತ್ತಿತ್ತು.

ಎಲ್ಲ ಚಾರ್ಟುಗಳೂ ಒಂದು ತೂಕವಾದರೆ ಲಿಫ್ಟಿನ ಚಾರ್ಟು ಇನ್ನೊಂದು ತೂಕ. ಮಂಡಳಿಗೆ ಎಂಟು ಬ್ಲಾಕುಗಳು, ಎಂಟು ಮುದಿ ಲಿಫ್ಟುಗಳು. ಯಾವುದನ್ನು ಮೊದಲು ಬದಲಿಸಬೇಕು, ಯಾವುದು ಕಾಯಬಹುದು ಎಂದು ಲಿಫ್ಟ್ ಮೇಸ್ತ್ರಿ ವರ್ಷಕ್ಕೊಮ್ಮೆ ಎಂಟೂ ಕಟ್ಟಡ ಹತ್ತಿಳಿದು ಒಂದು ಕ್ರಮ ಹಾಕಿಕೊಡುತ್ತಿದ್ದ. ಒಂದೊಂದು ಕೆಲಸಕ್ಕೂ ಎಷ್ಟು ದಿನ ಹಿಡಿಯುತ್ತದೆ ಎನ್ನುವುದು ಪಟ್ಟೆಯ ಉದ್ದ. ಸಭೆಯಲ್ಲಿ ಸಾಹೇಬರು ಮೇಲಿನಿಂದ ದಿನಗಳನ್ನು ಕೂಡಿಸುತ್ತಾ ಬಂದು, ಕೆಲಸಗಾರರಿಗೆ ವರ್ಷದಲ್ಲಿ ಸಿಗುವ ದಿನಗಳು ಎಲ್ಲಿ ಮುಗಿಯುತ್ತವೋ ಅಲ್ಲಿ ಕೆಂಪು ಪೆನ್ನಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಗೆರೆಯ ಮೇಲಿದ್ದವರಿಗೆ ಈ ವರ್ಷ ಲಿಫ್ಟು. ಕೆಳಗಿದ್ದವರಿಗೆ ಮುಂದಿನ ವರ್ಷ, ಅದೂ ಅವರ ಅದೃಷ್ಟ ನೆಟ್ಟಗಿದ್ದರೆ. ಕೋಷ್ಟಕ ಹಿಂದಿನ ಪುಟದಲ್ಲಿರುತ್ತಿತ್ತು, ಅದನ್ನು ಮಗುಚಿ ನೋಡಿದವರನ್ನು ಗ್ರಾಫಕ್ಕ ಕಂಡಿರಲಿಲ್ಲ. ಪಟ್ಟೆಗಳ ಪಕ್ಕ ಒಂದು, ಎರಡು ಎಂದು ಹಾಕಲು ಅವಳು ಒಮ್ಮೆ ಹೋಗಿದ್ದಳು. ಹಳೆಯ ಸಾಹೇಬರು "ಚಿತ್ರ ಚಿತ್ರದ ಹಾಗಿರಲಿ ಕಣಮ್ಮ, ಮಾರ್ಕ್ಸ್ ಕಾರ್ಡ್ ಮಾಡ್ಬೇಡ" ಎಂದು ಅಳಿಸಿಸಿದ್ದರು.

ಗ್ರಾಫಕ್ಕ ಇದ್ದದ್ದು ಆ ಎಂಟರಲ್ಲೇ ಒಂದಾದ ಮೂಲೆ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿ, ಅಮ್ಮನ ಜೊತೆ. ಮದುವೆಯ ಮಾತು ಒಂದೆರಡು ಸಲ ಮನೆಯ ಬಾಗಿಲ ತನಕ ಬಂದು ಹಾಗೇ ಹೋಗಿತ್ತು. ಅಣ್ಣ ಬೇರೆ ಊರಿನಲ್ಲಿದ್ದ. ಅಮ್ಮನನ್ನು ಹೇಗೆ ನೋಡಿಕೊಳ್ಳಬೇಕು ಎನ್ನುವುದರಲ್ಲಿ ಪಂಡಿತ. ಎಲ್ಲವನ್ನೂ ಫೋನಿನಲ್ಲೇ ಹೇಳಿಕೊಟ್ಟು ಇಟ್ಟುಬಿಡುತ್ತಿದ್ದ.

ಅಮ್ಮ ಸಂಜೆಯಾದರೆ ಕೆಳಗಿಳಿದು ಮರದಡಿಯ ಬೆಂಚಿನ ಮೇಲೆ ಕೂರುತ್ತಿದ್ದವಳು. ಅಲ್ಲಿ ಅವಳಿಗೆ ಒಬ್ಬ ನಿವೃತ್ತ ನರ್ಸಮ್ಮನ ಜೊತೆ. ಲೋಕದ ಲೋಪದೋಷಗಳನ್ನೆಲ್ಲ ಅಲ್ಲಿ ಕೂತು ತಿದ್ದಿ ಮುಗಿಸಿ ದೀಪ ಹತ್ತುವ ಹೊತ್ತಿಗೆ ಮೇಲೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಕತ್ತಲು, ಅಮ್ಮ ಒಬ್ಬಳೇ. ಚಪ್ಪಲಿ ಕಳಚಿ ಬಾಗಿಲಿಗೆ ಬಡಿದಳಂತೆ. ಕೇಳುವವರು ಬರುವ ಹೊತ್ತಿಗೆ ಅವಳ ದನಿ ಹೋಗಿತ್ತು. ಆಮೇಲೆ ಲಿಫ್ಟು ಸರಿಹೋಯಿತು, ಅಂದರೆ ಹೋಗಿಬರುವಷ್ಟು ಸರಿಹೋಯಿತು. ಅಮ್ಮ ಸರಿಹೋಗಲಿಲ್ಲ.

"ಹೊಸದು ಹಾಕಿಸಲಿ, ಹೋಗ್ತೀನಿ. ಆ ಡಬ್ಬದೊಳಗೆ ಮಾತ್ರ ಕಾಲಿಡಲ್ಲ" ಎಂದಳು. ಮೆಟ್ಟಿಲಿಗೆ ಮಂಡಿ ಒಪ್ಪಲಿಲ್ಲ. ಮೂರನೇ ಮಹಡಿಯ ವ್ಯಾನ್ ಡ್ರೈವರು ಒಳ್ಳೆಯವನು. "ಕುರ್ಚಿ ಮೇಲೆ ಕೂರಿಸಿ ನಾನೂ ನನ್ನ ಭಾಮೈದನೂ ಎತ್ಕೊಂಡು ಇಳಿಸ್ತೀವಿ, ಅಮ್ಮಾ" ಎಂದು ತಾನಾಗಿ ಬಂದು ಕೇಳಿದ್ದ. ಅಮ್ಮ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ನಾನೇನು ಬೀರುನಾ ಹೊತ್ಕೊಂಡು ಹೋಗೋಕೆ?" ಎಂದು ಕೇಳಿ, ಅವನಿಗೆ ಟೀ ಕೊಟ್ಟು ಕಳಿಸಿದ್ದಳು.

ಅಲ್ಲಿಂದ ಅವಳ ಸಂಜೆಗಳೆಲ್ಲ ಕಿಟಕಿಯಲ್ಲಿ. ಕೆಳಗೆ ನರ್ಸಮ್ಮನಿಗೆ ಕಿವಿ ಮಂದ. ಇವಳು ಮೇಲಿನಿಂದ ಕೂಗುವುದು, ಅವಳು ಕೇಳದೆ ಕೈಬೀಸುವುದು. "ನಾನು ನಿನ್ನ ಸೊಸೆ ಹೆತ್ತಳಾ ಅಂತ ಕೇಳಿದರೆ ಅವಳು ಟಾಟಾ ಮಾಡ್ತಾಳೆ" ಎಂದು ಅಮ್ಮ ಗೊಣಗುತ್ತಿದ್ದಳು. ಕೇಳುವಾಗ ನಗು ಬರುತ್ತಿತ್ತು. ರಾತ್ರಿ ಹಾಸಿಗೆಯಲ್ಲಿ ಗ್ರಾಫಕ್ಕನಿಗೆ ಅದೇ ಮಾತು ನೆನಪಾಗಿ ನಿದ್ದೆ ಹತ್ತುತ್ತಿರಲಿಲ್ಲ.

ಈ ವರ್ಷ ಲಿಫ್ಟ್ ಮೇಸ್ತ್ರಿಯ ಪಟ್ಟಿ ಬಂದಾಗ ಟ್ಯಾಂಕ್ ಬ್ಲಾಕು ಮೊದಲಿತ್ತು, ಮೂಲೆ ಬ್ಲಾಕು ಕೊನೆಯಲ್ಲಿತ್ತು. ಗ್ರಾಫಕ್ಕ ಕೇಳಿದ್ದಕ್ಕೆ ಅವನು ತಲೆ ಕೆರೆದುಕೊಂಡ.

"ಅಕ್ಕಾ, ನಿಮ್ಮದು ಓಡ್ತಾ ಇದೆಯಲ್ಲ. ಟ್ಯಾಂಕ್ ಬ್ಲಾಕಿಂದು ಸತ್ತು ಕೂತಿದೆ. ನಾನೇನು ಬರೀಲಿ ಹೇಳಿ?"

ಬರೆಯುವುದಕ್ಕೆ ಏನೂ ಇರಲಿಲ್ಲ. ಟ್ಯಾಂಕ್ ಬ್ಲಾಕನ್ನು ಅವಳೂ ನೋಡಿದ್ದಳು. ಅಳತೆ ಬರೆದುಕೊಳ್ಳಲು ಮೇಸ್ತ್ರಿಯ ಜೊತೆ ಹೋಗಿದ್ದಾಗ, ಮೆಟ್ಟಿಲ ತಿರುವಿನಲ್ಲಿ ಇಬ್ಬರು ಒಬ್ಬ ಮುದುಕನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಿದ್ದರು, ಆಸ್ಪತ್ರೆಗೆ. ಹೊರುವವರಿಗೆ ಬೆವರು. ಮುದುಕ ಮಾತ್ರ ಪ್ರತಿ ತಿರುವಿನಲ್ಲೂ "ಕ್ಷಮಿಸ್ರಪ್ಪಾ, ಭಾರ ಆಯ್ತು, ಕ್ಷಮಿಸ್ರಪ್ಪಾ" ಎನ್ನುತ್ತಿದ್ದ. ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ ಇವಳಲ್ಲೂ ಒಂದು ಕ್ಷಮೆ ಕೇಳಿ ಮುಂದೆ ಹೋದ.

ಚಾರ್ಟು ಮಾಡಲು ಕೂತ ದಿನ ಅವಳಿಗೆ ತಲೆನೋವಿತ್ತು. ಕೋಷ್ಟಕ ತುಂಬಿ ಗುಂಡಿ ಒತ್ತಿದಳು. ಯಂತ್ರ ತನ್ನ ಹಳೆಯ ಚಾಳಿಯಂತೆ ಎಲ್ಲವನ್ನೂ ತಲೆಕೆಳಗೆ ಮಾಡಿ ತೋರಿಸಿತು. ಎಲ್ಲಕ್ಕಿಂತ ಮೇಲೆ ಮೂಲೆ ಬ್ಲಾಕು. ಎಲ್ಲಕ್ಕಿಂತ ಕೆಳಗೆ ಟ್ಯಾಂಕ್ ಬ್ಲಾಕು.

ಅವಳು ಕೈ ಮೌಸಿನ ಮೇಲಿಟ್ಟುಕೊಂಡು ಹಾಗೇ ಕೂತಳು. ಹೊಸ ಸಾಹೇಬರು ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಯಾವ ಲಿಫ್ಟು ಎಲ್ಲಿದೆ ಎನ್ನುವುದೂ ಅವರಿಗೆ ಗೊತ್ತಿಲ್ಲ. ಏನನ್ನೂ ಮಾಡಬೇಕಾಗಿರಲಿಲ್ಲ, ನೋಡಿ, ಅದೇ ಅದರ ಕಷ್ಟ. ಸುಳ್ಳು ಬರೆಯಬೇಕಿಲ್ಲ, ಅಂಕಿ ತಿದ್ದಬೇಕಿಲ್ಲ. ಮಾಡುವ ಕೆಲಸವೊಂದನ್ನು ಮಾಡದೆ ಎದ್ದು ಹೋದರೆ ಸಾಕು. ನಾಳೆ ಯಾರಾದರೂ ಕೇಳಿದರೆ ಯಂತ್ರ ಹಾಗೇ ಹಾಕಿತು ಎಂದರಾಯಿತು, ಅದು ನಿಜವೂ ಹೌದು. ಇಷ್ಟು ವರ್ಷ ಸರಿಮಾಡಿ ಸರಿಮಾಡಿ ಅವಳಿಗೇನು ಸಿಕ್ಕಿತ್ತು? ಮಣಿಕಟ್ಟಿನ ನೋವು ಸಿಕ್ಕಿತ್ತು.

ಟೀ ಬಂತು. ಕುಡಿದಳು. ಲೋಟ ಕೆಳಗಿಟ್ಟು, ಬಲಗುಂಡಿ ಒತ್ತಿ, ಪಟ್ಟಿಯಲ್ಲಿ ಇಳಿದು, ಚೌಕದಲ್ಲಿ ಗುರುತು ಹಾಕಿದಳು. ಅಂಕಿಗಳು ಮೇಲೆ ಹಾರಿದವು. ಅವನ್ನೂ ಇಳಿಸಿದಳು. ತಾನು ದೊಡ್ಡ ಮನಸ್ಸಿನವಳು ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ತಲೆನೋವು ಹಾಗೇ ಇರುವುದು ಗೊತ್ತಾಯಿತು.

ಸಭೆಯ ದಿನ ಮೇಸ್ತ್ರಿ ಬರಲಿಲ್ಲ. ರೈಲು ಬ್ಲಾಕಿನ ಲಿಫ್ಟಿನಲ್ಲಿ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆಂದು ಫೋನು ಬಂದು ಓಡಿದ್ದ. ಮೇಜಿನ ಸುತ್ತ ಹೊಸ ಸಾಹೇಬರು, ಉಗ್ರಾಣದ ಗುಮಾಸ್ತ, ಮಂಡಳಿಯ ಇಬ್ಬರು ಸದಸ್ಯರು, ಗ್ರಾಫಕ್ಕ. ಸಾಹೇಬರು ಹಾಳೆ ಕೈಗೆತ್ತಿಕೊಂಡು ನೋಡಿ, ತಿಳಿದವರ ನಗೆ ನಕ್ಕರು.

"ಈ ಚಾರ್ಟಿನ ಗುಟ್ಟು ನನಗೆ ಗೊತ್ತು. ಇದು ತಲೆಕೆಳಗೆ ಬರುತ್ತೆ. ಮೊದಲನೇದು ಕೆಳಗಿರುತ್ತೆ, ಕೆಳಗಿನಿಂದ ಓದ್ಬೇಕು. ನಮ್ಮ ಹಳೇ ಆಫೀಸಲ್ಲಿ ಇದೇ ಅಭ್ಯಾಸ, ಯಾರೂ ತಿರುಗಿಸೋಕೆ ಹೋಗ್ತಿರ್ಲಿಲ್ಲ."

ಸದಸ್ಯರು "ಓಹೋ" ಎಂದರು. ಸಾಹೇಬರು ಕೆಂಪು ಪೆನ್ನಿನ ಮುಚ್ಚಳ ತೆಗೆದು, ಕೆಳಗಿನಿಂದ ದಿನಗಳನ್ನು ಕೂಡಿಸುತ್ತಾ ಮೇಲೆ ಹತ್ತಿದರು.

"ಮೊದಲು ಮೂಲೆ ಬ್ಲಾಕು. ಬರ್ಕೊಳಿ."

ಗುಮಾಸ್ತ ಬರೆದುಕೊಂಡ. ಗ್ರಾಫಕ್ಕನ ಬಾಯಿ ತಾನಾಗಿ ತೆರೆಯಿತು, ತಾನಾಗಿ ಮುಚ್ಚಿಕೊಂಡಿತು. ಮೂಲೆ ಬ್ಲಾಕು ಎನ್ನುವ ಹೆಸರು ಸಾಹೇಬರ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸಿತು! ಹೊಸ ಲಿಫ್ಟಿನ ಬೆಳಕು, ಒಳಗೆ ಕನ್ನಡಿ, ಅಮ್ಮ ಸೀರೆಯ ಸೆರಗು ಸರಿಮಾಡಿಕೊಂಡು ಇಳಿದು ಹೋಗುವುದು, ಎಲ್ಲ ಕಣ್ಣೆದುರು ಬಂದಿತು. ಅವಳು ಮೋಸ ಮಾಡಿರಲಿಲ್ಲ. ತನ್ನ ಪಾಲಿನ ಕೆಲಸ ಸರಿಯಾಗಿ ಮಾಡಿ ಮುಗಿಸಿದ್ದಳು. ದೇವರೇ ತಿರುಗಿಸಿ ಕೊಟ್ಟರೆ ಬೇಡ ಎನ್ನಲು ತಾನು ಯಾರು? ಕೆಂಪು ಗೆರೆ ಬಿತ್ತು. ಟ್ಯಾಂಕ್ ಬ್ಲಾಕು ಅದರ ಆಚೆ, ತುತ್ತತುದಿಯಲ್ಲಿ, ಹೊರಗೆ ಉಳಿಯಿತು.

ಆಮೇಲೆ ನಲ್ಲಿಗಳ ಮಾತು ಬಂತು, ಛಾವಣಿಯ ಸೋರುವಿಕೆಯ ಮಾತು ಬಂತು. ಅವಳಿಗೆ ಒಂದೂ ತಲೆಗೆ ಹೋಗಲಿಲ್ಲ. ಮಾತಾಡದೇ ಇರುವುದು ಇಷ್ಟು ಆಯಾಸದ ಕೆಲಸ ಎಂದು ಅವಳಿಗೆ ಗೊತ್ತಿರಲಿಲ್ಲ. ಹಾಳೆಯ ಮೇಲಿನ ಟ್ಯಾಂಕ್ ಬ್ಲಾಕಿನ ಪಟ್ಟೆಗೆ ತಾನೇ ನೀಲಿ ಬಣ್ಣ ಕೊಟ್ಟಿದ್ದಳು. ಅದನ್ನು ನೋಡಬಾರದೆಂದು ಕಿಟಕಿಯ ಕಡೆ ನೋಡಿದಳು. ಅಲ್ಲಿಯೂ ಆ ಮುದುಕನೇ, ಕ್ಷಮಿಸ್ರಪ್ಪಾ ಎನ್ನುತ್ತಾ. ಅವನ ಮೇಲೆ ಅವಳಿಗೆ ಕೋಪವೇ ಬಂತು. ಆ ದಿನ ಮೆಟ್ಟಿಲಲ್ಲಿ ಎದುರಾಗದಿದ್ದರೆ ಇವನ ಗಂಟೇನು ಹೋಗುತ್ತಿತ್ತು?

"ಮತ್ತೇನಾದ್ರೂ ಇದೆಯಾ?" ಎಂದರು ಸಾಹೇಬರು. ಅದು ಯಾರೂ ಉತ್ತರ ಕೊಡದ ಪ್ರಶ್ನೆ. ಎಲ್ಲರೂ ಕುರ್ಚಿ ಹಿಂದೆ ಸರಿಸಿದರು.

"ಸಾರ್, ಲಿಫ್ಟಿನ ಚಾರ್ಟು" ಎಂದಳು ಗ್ರಾಫಕ್ಕ. "ಅದನ್ನ ಮೇಲಿನಿಂದಾನೇ ಓದ್ಬೇಕು. ನಾನು ತಿರುಗಿಸಿ ಹಾಕಿದ್ದೀನಿ."

ಸಾಹೇಬರು ಎದ್ದವರು ಮತ್ತೆ ಕೂತರು. "ತಿರುಗಿಸಿದ್ರೆ ಆಗಲೇ ಹೇಳ್ಬೇಕಲ್ವೇನಮ್ಮಾ? ಗೆರೆ ಎಳೆಯೋ ತನಕ ಸುಮ್ನಿದ್ರಲ್ಲ?"

ಸರಿಯಾದ ಪ್ರಶ್ನೆಯೇ. ಗುಮಾಸ್ತ ಬಾಯಿ ಹಾಕಿದ.

"ಅಕ್ಕ ಇರೋದು ಮೂಲೆ ಬ್ಲಾಕಲ್ಲೇ, ಸಾರ್."

ಸಾಹೇಬರು ಹಾಳೆ ಮಗುಚಿ ಕೋಷ್ಟಕ ನೋಡಿದರು, ಅವಳ ಮುಖ ನೋಡಿದರು. "ಹಾಗಾದ್ರೆ ನಿಮ್ಮದು ಗೆರೆಯಿಂದ ಕೆಳಗೆ ಹೋಗುತ್ತಲ್ಲ?"

"ಹೋಗುತ್ತೆ ಸಾರ್."

ಅವರು ಮೊದಲ ಗೆರೆಯನ್ನು ಗೀಚಿ ಹಾಕಿ, ಮೇಲಿನಿಂದ ಕೂಡಿಸಿಕೊಂಡು ಬಂದು ಇನ್ನೊಂದು ಗೆರೆ ಎಳೆದರು. "ಇನ್ಮೇಲೆ ಪಕ್ಕದಲ್ಲಿ ನಂಬರ್ ಹಾಕಿ" ಎಂದರು. ಅಷ್ಟೇ. ಮೆಚ್ಚಲೂ ಇಲ್ಲ, ಬಯ್ಯಲೂ ಇಲ್ಲ, ಊಟದ ಹೊತ್ತು ಮೀರಿತ್ತು. ಹೊರಗೆ ಬಂದ ಮೇಲೆ ಗುಮಾಸ್ತ ಅವಳ ಪಕ್ಕದಲ್ಲಿ ನಡೆಯುತ್ತಾ, "ಅಕ್ಕಾ, ಕೈಗೆ ಬಂದಿದ್ದನ್ನ ಯಾರಾದ್ರೂ ಹಿಂಗೆ ಬಿಡ್ತಾರಾ? ನಿಮಗೇನಾಗಿದೆ?" ಎಂದ. ಅವಳಿಗೂ ಅದೇ ಅನುಮಾನವಿತ್ತು.

ಸಂಜೆ ಹಳೆಯ ಲಿಫ್ಟಿನಲ್ಲೇ ಮೇಲೆ ಹೋದಳು. ಅದು ಎರಡನೇ ಮಹಡಿ ದಾಟುವಾಗ ಒಮ್ಮೆ ಮೈ ಕೊಡವಿ, ಏನೂ ಆಗದವರ ಹಾಗೆ ಮುಂದಕ್ಕೆ ಹೋಯಿತು. ಅಮ್ಮ ಕಿಟಕಿಯಲ್ಲಿದ್ದಳು. ಸಭೆಯ ದಿನ ಎಂದು ಅವಳಿಗೆ ಗೊತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಕೇಳಿದಳು.

"ಏನಾಯ್ತು?"

ಮುಚ್ಚಿಡಬಹುದಿತ್ತು. ಕೊನೆಯಲ್ಲಿದ್ದೆವು, ಸಿಗಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಆ ದಿನ ಇನ್ನೊಂದು ಸಲ ಬಾಯಿ ಮುಚ್ಚಿಕೊಂಡಿರುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ನೀರು ಕುಡಿದು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಚಾರ್ಟು, ಸಾಹೇಬರು, ಗೆರೆ, ಮುದುಕ. ಅಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದಳು, ಅದು ಅವಳ ಸ್ವಭಾವವಲ್ಲ.

"ಅಂದ್ರೆ, ನೀನು ಸುಮ್ನಿದ್ದಿದ್ರೆ ಲಿಫ್ಟು ಬರ್ತಿತ್ತು."

"ಬರ್ತಿತ್ತು."

"ನೀನು ಸುಮ್ನಿರ್ಲಿಲ್ಲ."

"ಇಲ್ಲಮ್ಮ."

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅಮ್ಮ ಮುನಿಸಿಕೊಂಡರೆ ಪಾತ್ರೆಗಳ ಜೊತೆ ಮಾತಾಡುವುದು ವಾಡಿಕೆ. ಅವತ್ತು ಪಾತ್ರೆಗಳ ಜೊತೆಗೂ ಮಾತಿಲ್ಲ. ಊಟಕ್ಕೆ ಬಡಿಸಿದಳು, ಮಗಳ ತಟ್ಟೆ ನೋಡಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಅಣ್ಣನಿಗೆ ಯಾರು ಹೇಳಿದರೋ, ಫೋನು ಮಾಡಿ, "ನಿನಗೆ ಅಮ್ಮನಿಗಿಂತ ಊರಿನವರೇ ಹೆಚ್ಚಾದ್ರಾ?" ಎಂದು ಕೇಳಿದ. ಗ್ರಾಫಕ್ಕ ಫೋನನ್ನು ಮೇಜಿನ ಮೇಲೆ ಮಲಗಿಸಿ, ಅವನು ಮುಗಿಸುವ ತನಕ ಬಟ್ಟೆ ಮಡಚಿದಳು. ಮಡಚುವಾಗ ಕಣ್ಣು ತುಂಬಿ ಬಂತು. ಅಣ್ಣನ ಮಾತಿಗಲ್ಲ. ಅಮ್ಮ ಕಿಟಕಿಯ ಹತ್ತಿರ ಹೋಗುವುದನ್ನೂ ನಿಲ್ಲಿಸಿದ್ದಳು.

ಭಾನುವಾರ ಬೆಳಿಗ್ಗೆ ಗ್ರಾಫಕ್ಕ ಪೇಪರು ಓದುತ್ತಾ ಕೂತಿದ್ದಾಗ ಅಮ್ಮ ಬಂದು ಎದುರಿಗೆ ನಿಂತಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು.

"ಆ ಮುದುಕನಿಗೆ ವಯಸ್ಸೆಷ್ಟು?"

"ಯಾರಿಗೆ?"

"ಟ್ಯಾಂಕ್ ಬ್ಲಾಕಿನವನಿಗೆ ಕಣೇ. ಕ್ಷಮೆ ಕೇಳೋನಿಗೆ."

"ನಿನ್ನಷ್ಟಿರಬಹುದು. ಒಂದೆರಡು ವರ್ಷ ಹೆಚ್ಚೇ."

ಅಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ವ್ಯಾನಿನವನನ್ನ ಕರಿ. ಅವನ ಭಾಮೈದ ಇದ್ದಾನಾ ಕೇಳು. ಕುರ್ಚಿ ಕೈ ಇರೋದು ತಗೊಂಡು ಬರಲಿ, ಬೀಳಿಸ್ಬಿಟ್ಟಾರು."

ಇಬ್ಬರೂ ಬಂದರು. ಅಮ್ಮ ಕುರ್ಚಿಯಲ್ಲಿ ಕೂತು, ಅದರ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡಳು. ಡ್ರೈವರು ಮುಂದೆ, ಭಾಮೈದ ಹಿಂದೆ, ಗ್ರಾಫಕ್ಕ ಅಮ್ಮನ ಕೈಚೀಲ ಹಿಡಿದು ಅವರ ಹಿಂದೆ. ಮೊದಲ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ಇಳಿಸಿದರು. ಭಾಮೈದನ ಕತ್ತಿನ ನರ ಎದ್ದಿತ್ತು. ಅಮ್ಮ ಕಣ್ಣು ತೆರೆದು ಅದನ್ನು ನೋಡಿದಳು.

"ಕ್ಷಮಿಸ್ರಪ್ಪಾ" ಎಂದಳು. "ಭಾರ ಆಯ್ತು."

ಗ್ರಾಫಕ್ಕ ಗೋಡೆಯ ಕಡೆ ತಿರುಗಿಕೊಂಡಳು. ಅದೇ ಮಾತು, ಅದೇ ದನಿ. ಯಾರಿಗೂ ತಲೆಬಾಗದ ತನ್ನ ಅಮ್ಮನ ಬಾಯಲ್ಲಿ ಆ ಮಾತು ಬರುವ ಹಾಗೆ ಮಾಡಿದವಳು ತಾನೇ. ಸಭೆಯಲ್ಲಿ ಮಾತಾಡಿದ್ದಕ್ಕೆ ಅವಳಿಗೆ ಪಶ್ಚಾತ್ತಾಪವಾಗಿದ್ದರೆ ಆಗಿದ್ದು ಆ ತಿರುವಿನಲ್ಲಿ. ಉಳಿದ ತಿರುವುಗಳಲ್ಲೂ ಅಮ್ಮ ಅದನ್ನೇ ಹೇಳಿದಳು, ಡ್ರೈವರು "ಸುಮ್ನಿರಿ ಅಮ್ಮಾ, ನೀವೇನು ಬೀರುನಾ?" ಎಂದು ನಗಿಸಲು ನೋಡಿದ. ಅಮ್ಮ ನಕ್ಕಳು ಕೂಡ.

ಮರದಡಿಯಲ್ಲಿ ನರ್ಸಮ್ಮ ಒಬ್ಬಳೇ ಕೂತಿದ್ದಳು. ಕುರ್ಚಿಯ ಮೆರವಣಿಗೆ ನೋಡಿ ಎದ್ದು ನಿಂತು, ಮತ್ತೆ ಕೂತು, ಬೆಂಚಿನ ಮೇಲಿನ ಎಲೆಗಳನ್ನು ಅಂಗೈಯಿಂದ ಸವರಿ ಜಾಗ ಮಾಡಿದಳು. "ಬಂದ್ಯಾ?" ಎಂದಳು. ಅಮ್ಮ ಅವಳ ಕಿವಿಯ ಹತ್ತಿರ ಬಾಗಿ, ಇಷ್ಟು ದಿನ ಮೇಲಿನಿಂದ ಕೂಗಿದ್ದನ್ನೆಲ್ಲ ಮೊದಲಿನಿಂದ ಕೇಳಲು ಶುರುಮಾಡಿದಳು. ಸೊಸೆಗೆ ಹೆಣ್ಣು ಮಗುವಾಗಿ, ಅದು ಆಗಲೇ ಅಂಬೆಗಾಲಿಡುತ್ತಿತ್ತಂತೆ.

ಗ್ರಾಫಕ್ಕ ಬೆಂಚಿನ ತುದಿಯಲ್ಲಿ ಕೂತು ಮಣಿಕಟ್ಟು ಒತ್ತಿಕೊಳ್ಳುತ್ತಿದ್ದಳು. ಮತ್ತೆ ಮೇಲೆ ಹತ್ತಿಸಬೇಕು. ಇಳಿಸುವುದಕ್ಕಿಂತ ಹತ್ತಿಸುವುದು ಕಷ್ಟ. ಇಬ್ಬರಿಗೂ ಮಧ್ಯಾಹ್ನದ ಊಟ ಹಾಕಬೇಕು. ಪ್ರತಿ ಭಾನುವಾರ ಕೇಳಲು ಬಾಯಿ ಬರುತ್ತದೆಯೇ? ತಿಂಗಳಿಗೊಮ್ಮೆ ಕೇಳಬಹುದೇನೋ. ಹೀಗೆ ಅವಳು ಮನಸ್ಸಿನಲ್ಲೇ ಹೊಂದಿಸುತ್ತಿರುವಾಗ ಅಮ್ಮ ಅವಳ ಕಡೆ ತಿರುಗಿದಳು. ಸಭೆಯ ದಿನದ ನಂತರ ಮೊದಲ ಸಲ ಮಗಳ ಮುಖವನ್ನು ನೇರವಾಗಿ ನೋಡಿದಳು.

"ಟ್ಯಾಂಕ್ ಬ್ಲಾಕಿನ ಕೆಲಸ ಯಾವಾಗ ಮುಗಿಯುತ್ತೆ?"

"ಎರಡು ಮೂರು ತಿಂಗಳು ಹಿಡಿಯುತ್ತಮ್ಮ. ಯಾಕೆ?"

"ಮುಗಿದ ಮೇಲೆ ನನ್ನನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡು ಹೋಗು" ಎಂದಳು ಅಮ್ಮ. "ನನ್ನ ಲಿಫ್ಟು ಹೇಗಿದೆ ಅಂತ ಹತ್ತಿ ನೋಡ್ಬೇಕು."